ಬಟ್ಟೆ ಸುತ್ತಿದ ಚಿಲಕ

ನಮ್ಮ ದೊಡ್ಡ ಮೇಡಂ ತೀರಿಕೊಂಡು ತಿಂಗಳಾಗುತ್ತ ಬಂತು. ಶಿಶುವಿಹಾರದ ಹಾಲ್‌ನಲ್ಲಿ ಅವರ ಫೋಟೋ ಹಾಕುತ್ತಾರಂತೆ. ಆ ದಿನ ಓದಲು ಎರಡು ಪುಟ ಬರೆದುಕೊಡಿ ಎಂದು ಈಗಿನ ಮುಖ್ಯಸ್ಥೆ ನನ್ನ ಬೆನ್ನು ಹತ್ತಿದ್ದಾರೆ. "ನೀವು ಅವರ ಕೈಯಾಗ ಒಂಬತ್ತು ವರ್ಷ ಕೆಲಸಾ ಮಾಡೀರಿ. ನಿಮ್ಮಷ್ಟು ಹತ್ರದಿಂದ ನೋಡಿದವ್ರು ಯಾರ ಅದಾರ್ರಿ?" ಎಂದರು. ಹತ್ತಿರದಿಂದ ನೋಡಿದ್ದು ನಿಜ. ತೊಂದರೆ ಇರುವುದೇ ಅಲ್ಲಿ. ಸತ್ತರು ಎಂಬ ಒಂದೇ ಕಾರಣಕ್ಕೆ ಒಬ್ಬರು ಒಳ್ಳೆಯವರಾಗಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಬದುಕಿದ್ದಾಗ ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ. ಹೆಸರು ಮಾತ್ರ ಬರೆಯುವುದಿಲ್ಲ, ಅವರ ಮನೆಯವರು ನನಗೆ ಯಾವ ಕೇಡನ್ನೂ ಮಾಡಿದವರಲ್ಲ.

ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಹೆಗಲ ಮೇಲೆ ಒಂದು ಪಿನ್ನು, ಬಾಯಲ್ಲಿ ಸದಾ ಒಂದು ಲವಂಗ. ಅವರ ಕರವಸ್ತ್ರಕ್ಕೂ ಲವಂಗದ ವಾಸನೆ ಹತ್ತಿಕೊಂಡಿರುತ್ತಿತ್ತು. ಆ ವಾಸನೆ ಬಂತೆಂದರೆ ನಾವು ಟೀಚರುಗಳು ಮೊಬೈಲನ್ನು ಸೆರಗಿನೊಳಗೆ ತುರುಕುತ್ತಿದ್ದೆವು. ದನಿ ಎತ್ತಿದವರಲ್ಲ. ಸಿಟ್ಟು ಬಂದಷ್ಟೂ ದನಿ ಸಣ್ಣದಾಗುತ್ತಿತ್ತು, ಬೈಗುಳ ಕೇಳಿಸಿಕೊಳ್ಳಲು ನಾವೇ ಬಗ್ಗಿ ಕಿವಿ ಕೊಡಬೇಕು. ಮೂರು ವರ್ಷದ ಮಗುವಿಗೂ "ಕುಂದರ್ರಿ ಪುಟ್ಟಾ, ಬಾಯಿ ಮುಚ್ಚರಿ ಪುಟ್ಟಾ" ಎಂದು ಬಹುವಚನ. ನೋಡಲು ಬಂದ ಪಾಲಕರು ಎಂಥಾ ಸಂಸ್ಕಾರ ಎಂದು ತಲೆದೂಗುತ್ತಿದ್ದರು. ಆ 'ರೀ'ಯಲ್ಲಿ ಎಷ್ಟು ಚಳಿ ಇತ್ತೆಂದು ನಮಗೆ ಗೊತ್ತಿತ್ತು, ಮಕ್ಕಳಿಗೂ ಗೊತ್ತಿತ್ತು.

ಒಂದು ಬೇಸಿಗೆ ರಜೆಯಲ್ಲಿ ಎಲ್ಲಿಯೋ ಮೂರು ದಿನದ ತರಬೇತಿ ಮುಗಿಸಿಕೊಂಡು ಬಂದರು. ಮೈಂಡ್‌ಫುಲ್‌ನೆಸ್ ಎಂಬ ಮಾತು ನಮ್ಮ ಟಿಳಕವಾಡಿಯ ಓಣಿಗೆ ಬಂದದ್ದು ಆಗ. ಅದಕ್ಕೆ ಅವರೇ 'ಲಕ್ಷ್ಯದ ಆಟ' ಎಂದು ಹೆಸರಿಟ್ಟರು. ಮೊಬೈಲ್ ನೋಡಿ ನೋಡಿ ಈಗಿನ ಮಕ್ಕಳ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ, ದಿನಾ ಹದಿನೈದು ನಿಮಿಷ ಈ ಆಟ ಆಡಿಸಿದರೆ ನಿಲ್ಲುತ್ತದೆ ಎಂಬುದು ಅವರ ವಾದ. ಪಾಲಕರಿಗೆ ಅದು ಬಹಳ ಹಿಡಿಸಿತು. ಮೊಬೈಲ್ ಕೊಟ್ಟವರು ಅವರೇ ತಾನೇ.

ಆಟಗಳು ಕೆಟ್ಟವಾಗಿರಲಿಲ್ಲ. ಅಂಗಾತ ಮಲಗಿದ ಮಗುವಿನ ಹೊಟ್ಟೆಯ ಮೇಲೆ ಜೋಳ ತುಂಬಿದ ಸಣ್ಣ ಬಟ್ಟೆಯ ಚೀಲ ಇಡುವುದು, ಉಸಿರಿಗೆ ಅದು ಏರಿ ಇಳಿಯುವುದನ್ನು ಮಗು ನೋಡುವುದು. ಲೋಟದ ತುಂಬ ನೀರು ಹಿಡಿದು ತುಳುಕಿಸದೆ ಹಾಲ್‌ನ ಈ ಗೋಡೆಯಿಂದ ಆ ಗೋಡೆಗೆ ನಡೆಯುವುದು. ಸುಮ್ಮನೆ ಕುಳಿತು ಹೊರಗಿನ ಸದ್ದುಗಳನ್ನು ಗುರುತಿಸುವುದು. ಇವನ್ನೆಲ್ಲ ನಾನು ಇವತ್ತಿಗೂ ಮಾಡಿಸುತ್ತೇನೆ. ಮಕ್ಕಳು ಖುಷಿಯಾಗಿ ಮಾಡುತ್ತಾರೆ, ಮಾಡಿದ ಮೇಲೆ ಒಂದಿಷ್ಟು ಹೊತ್ತು ಹೇಳಿದ್ದು ಕೇಳುತ್ತಾರೆ ಕೂಡ. ಮೇಡಂ ಕೈಗೆ ಸಿಕ್ಕಾಗ ಮಾತ್ರ ಅವು ಆಟವಾಗಿ ಉಳಿಯುತ್ತಿರಲಿಲ್ಲ, ಪರೀಕ್ಷೆಯಾಗುತ್ತಿದ್ದವು. ಅವರ ಮಡಿಲಲ್ಲಿ ಒಂದು ನೋಟ್‌ಬುಕ್, ಕೈಯಲ್ಲಿ ಕೆಂಪು ಪೆನ್ನು. ಸಾಂಬ್ರಾಕ್ಕೆ ಇಳಿಯುವ ವಿಮಾನ ಒಂದು ಸಲ ನಮ್ಮ ಮೇಲೆಯೇ ಹಾದುಹೋಯಿತು. "ಇಮಾನಾ! ಇಮಾನಾ!" ಎಂದು ಒಬ್ಬ ಹುಡುಗ ಎದ್ದು ಕುಣಿದ. ಸದ್ದು ಗುರುತಿಸಬೇಕಾಗಿದ್ದ ಆಟದಲ್ಲಿ ಎಲ್ಲರಿಗಿಂತ ಮೊದಲು ಗುರುತಿಸಿದವನು ಅವನು. ಅವನಿಗೂ ಕೆಂಪು ಗೆರೆ ಬಿತ್ತು, ಎದ್ದು ನಿಂತದ್ದಕ್ಕೆ.

ಕುಂದಾದ ಆಟವನ್ನಂತೂ ನಾನು ಮರೆಯಲಾರೆ. ನಮ್ಮೂರಿನ ಹಾಲಿನ ಸಿಹಿ ಕುಂದಾವನ್ನು ಕಡಲೆಕಾಳಿನಷ್ಟು ಮಗುವಿನ ನಾಲಿಗೆಯ ಮೇಲೆ ಇಟ್ಟು, ತಾವು ಹೇಳುವವರೆಗೆ ನುಂಗಬಾರದು ಎನ್ನುವರು. ಬೆಳಗಾವಿಯಲ್ಲಿ ಹುಟ್ಟಿದ ಮಗು, ಬಾಯಲ್ಲಿ ಕುಂದಾ, ನುಂಗಬಾರದು! ಇಪ್ಪತ್ತು ಮಕ್ಕಳಲ್ಲಿ ಹದಿನೆಂಟು ಮಕ್ಕಳು ಅದು ನಾಲಿಗೆಗೆ ತಾಗುವ ಮೊದಲೇ ಒಳಗೆ ಕಳಿಸಿಬಿಡುತ್ತಿದ್ದವು. ಉಳಿದ ಇಬ್ಬರು ಕಣ್ಣಲ್ಲಿ ನೀರು ತುಂಬಿಕೊಂಡು ಜೊಲ್ಲು ಸುರಿಸುತ್ತ ಕೂತಿರುವರು. ಅವರನ್ನು ತೋರಿಸಿ ಮೇಡಂ ನಮಗೆ ಹೇಳುತ್ತಿದ್ದರು: "ನೋಡ್ರಿ, ಲಕ್ಷ್ಯ ಅಂದ್ರ ಇದು."

ಒಂದನ್ನು ಒಪ್ಪಿಕೊಳ್ಳಬೇಕು, ಒಪ್ಪುವಾಗ ಹೊಟ್ಟೆ ಉರಿಯುತ್ತದೆ. ಹೊಟ್ಟೆಯ ಮೇಲಿನ ಜೋಳದ ಚೀಲ ಒಂದು ಹುಡುಗಿಗೆ ಮಾತ್ರ ಬೇರೆ ರೀತಿ ಕುಲುಕುವುದನ್ನು ಅವರು ಗಮನಿಸಿದರು. ನನ್ನ ತರಗತಿಯ ಹುಡುಗಿ, ನನಗೆ ಕಂಡಿರಲಿಲ್ಲ. "ಈ ಕೂಸಿನ ಉಸಿರು ಸರಿ ಇಲ್ಲ, ದವಾಖಾನಿಗೆ ತೋರಸ್ರಿ" ಎಂದು ತಂದೆಯನ್ನು ಕರೆಸಿ ಹೇಳಿದರು. ದಮ್ಮು ಇದ್ದದ್ದು ಹಾಗೆ ಗೊತ್ತಾಯಿತು. ಆ ಹೆಂಗಸಿಗೆ ಕಣ್ಣಿತ್ತು. ಕಣ್ಣಿದ್ದೂ ಮುಂದೆ ಮಾಡಿದ್ದನ್ನು ಮಾಡಿದರಲ್ಲ ಎಂದೇ ನನಗೆ ಇಷ್ಟು ಸಿಟ್ಟು.

ಈಗ ಗಂಟೆಯ ವಿಷಯ. ಅವರ ಮನೆಯ ದೇವರ ಕೋಣೆಯ ಹಿತ್ತಾಳೆ ಗಂಟೆ ಅದು. ಎಲ್ಲರೂ ಕಣ್ಣು ಮುಚ್ಚಬೇಕು, ಅವರು ಒಂದೇ ಒಂದು ಸಲ ಬಾರಿಸುವರು, ಆ ನಾದ ಪೂರ್ತಿ ಕರಗಿ ಹೋಯಿತು ಅನಿಸಿದಾಗ ಕೈ ಎತ್ತಿ ಕಣ್ಣು ತೆರೆಯಬೇಕು. ನಾದ ಬಹಳ ಹೊತ್ತು ಉಳಿಯುತ್ತಿತ್ತು. ಒಳ್ಳೆಯ ಆಟವೇ. ಆದರೆ ಮೇಡಂ ಅದನ್ನು ಇನ್ನೊಂದು ಕೆಲಸಕ್ಕೂ ಹಚ್ಚಿದರು.

ಜೂನ್ ಬಂತೆಂದರೆ ಊರಿನ ಎಲ್ಲ ಶಿಶುವಿಹಾರಗಳ ಮುಂದೆ ಅಳುವಿನ ಜಾತ್ರೆ. ಅವ್ವನ ಸೀರೆ ಹಿಡಿದು ಮಕ್ಕಳು ಬಿಡುವುದಿಲ್ಲ, ರಸ್ತೆಯವರೆಗೆ ಕೇಳಿಸುತ್ತದೆ. ನಮ್ಮಲ್ಲಿ ಮಾತ್ರ ಅಳುವಿಲ್ಲ. ಹೇಗೆ ಎಂದರೆ ಹೀಗೆ: ಹೊಸ ಮಗುವನ್ನು ಅವ್ವನ ಜೊತೆಗೇ ಒಳಗೆ ಕರೆದು, ಗೋಡೆಗೆ ಮುಖ ಮಾಡಿ ಚಾಪೆಯ ಮೇಲೆ ಕೂರಿಸುವರು. "ಕಣ್ ಮುಚ್ಚರಿ ಪುಟ್ಟಾ. ಗಂಟಿ ಸದ್ದು ಎಲ್ಲಿ ಹೊಕ್ಕೈತಿ ಕೇಳ್ರಿ." ಗಂಟೆ ಬಾರಿಸುವರು. ಬಾರಿಸಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಗದ್ದ ಎತ್ತುವರು. ನಾನು ಅವ್ವನ ಮೊಳಕೈ ಹಿಡಿದು ಹಿಂದಿನ ಬಾಗಿಲಿನಿಂದ ಹೊರಗೆ ಕಳಿಸಬೇಕು. ಸದ್ದಾಗಬಾರದೆಂದು ಆ ಬಾಗಿಲಿನ ಚಿಲಕಕ್ಕೆ ಹಳೆ ಸೀರೆಯ ಹಸಿರು ತುಂಡು ಸುತ್ತಿದ್ದೆವು, ತಿರುಗಣಿಗೆ ವಾರಕ್ಕೊಮ್ಮೆ ಎಣ್ಣೆ ಬಿಡುತ್ತಿದ್ದೆವು. ಸುತ್ತುವವಳೂ ಎಣ್ಣೆ ಬಿಡುವವಳೂ ನಾನೇ. ನಾದ ಕರಗಿ ಮಗು ಕಣ್ಣು ತೆರೆಯುವ ಹೊತ್ತಿಗೆ ಅವ್ವ ರಸ್ತೆ ದಾಟಿರುತ್ತಿದ್ದಳು. ಮಗು ತಿರುಗಿ ನೋಡಿ ಬಾಯಿ ತೆರೆಯುತ್ತಿದ್ದಂತೆ ಮೇಡಂ ಅದರೊಳಗೆ ಕುಂದಾ ಇಡುವರು. "ಅಳಾಕ ಬಾಯಿ ಖಾಲಿ ಇರಬೇಕಲ್ಲ" ಎಂದು ನನ್ನ ಕಡೆ ನೋಡಿ ನಗುವರು. ನಾನೂ ನಗುತ್ತಿದ್ದೆ. ನೌಕರಿ ಬೇಕಾಗಿತ್ತು ಎಂದು ಹೇಳಬಹುದು, ಆದರೆ ಸುಳ್ಳು ಯಾಕೆ, ಅಳು ಇಲ್ಲದ ಜೂನ್ ನನಗೂ ಸುಖವಾಗಿತ್ತು.

ಅಂಥ ಒಂದು ಜೂನ್‌ನಲ್ಲಿ ಬಂದವಳು ಶ್ರಾವಣಿ. ಖಾನಾಪುರದವಳು, ಮನೆಮಾತು ಮರಾಠಿ. ಅವಳ ತಾಯಿ ರೇಖಾ ರವಿವಾರ ಪೇಟೆಯ ಒಂದು ಸಗಟು ಅಂಗಡಿಯಲ್ಲಿ ಬೇಳೆಕಾಳು ಪ್ಯಾಕ್ ಮಾಡುವ ಕೆಲಸಕ್ಕಿದ್ದಳು. ಗಂಡ ತೀರಿಕೊಂಡಿದ್ದ. ಮನೆಯಲ್ಲಿ ಅತ್ತೆ ಒಬ್ಬಳೇ, ಅವಳಿಗೆ ಕಣ್ಣು ಸರಿಯಾಗಿ ಕಾಣದು. ಹಾಗಾಗಿ ಲೋಂಡಾ ಕಡೆಯಿಂದ ಬರುವ ಬೆಳಗಿನ ರೈಲಿಗೆ ಮಗುವನ್ನೂ ಹತ್ತಿಸಿಕೊಂಡು ಬಂದು, ನಮ್ಮಲ್ಲಿ ಬಿಟ್ಟು, ಕೆಲಸಕ್ಕೆ ಹೋಗಿ, ಸಂಜೆ ಕರೆದುಕೊಂಡು ಹೋಗುತ್ತಿದ್ದಳು. ಅಂಗಡಿಯವರು ಹೇಳಿದ್ದರಿಂದ ನಮ್ಮಲ್ಲಿ ರಿಯಾಯಿತಿಯ ಜಾಗ ಸಿಕ್ಕಿತ್ತು. ಮಗು ಇಲ್ಲಿ ಉಳಿದರೆ ತಾಯಿಯ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಇದು ಮೇಡಂಗೂ ಗೊತ್ತಿತ್ತು.

ಮೊದಲ ದಿನ ಶ್ರಾವಣಿಯೂ ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿ ಗಂಟೆ ಕೇಳಿದಳು. ಕಣ್ಣು ತೆರೆದಾಗ ಅವಳು 'ಆಯಿ' ಎಂದು ಕರೆಯುವ ತಾಯಿ ಇರಲಿಲ್ಲ. ಬಾಯಲ್ಲಿ ಕುಂದಾ. ಅವಳು ಅದನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ, ಸಂಜೆ ಹಲ್ಲಿನ ಮೇಲೆಲ್ಲ ಅಂಟಿಕೊಂಡಿತ್ತು. ಅತ್ತಿರಲಿಲ್ಲ. ಮೇಡಂ ಅದನ್ನು ತಮ್ಮ ಗೆಲುವು ಎಂದು ಲೆಕ್ಕ ಹಿಡಿದರು.

ಆಮೇಲೆ ಅವಳು ಗಂಟೆಗೆ ಕಣ್ಣು ಮುಚ್ಚಲಿಲ್ಲ. ಜುಲೈಯಲ್ಲಿ ಇಲ್ಲ, ದೀಪಾವಳಿಯ ರಜೆ ಮುಗಿದ ಮೇಲೂ ಇಲ್ಲ. ಜೋಳದ ಚೀಲ, ನೀರಿನ ಲೋಟ ಎಲ್ಲ ಸರಿ. ಒಂದು ಹನಿ ಚೆಲ್ಲದೆ ನಡೆಯುತ್ತಿದ್ದಳು. ಗಂಟೆ ಎತ್ತಿದರೆ ಮಾತ್ರ ಎರಡೂ ಕಣ್ಣು ಅಗಲ. ಮೇಡಂ ನೋಟ್‌ಬುಕ್‌ನಲ್ಲಿ ಅವಳ ಹೆಸರಿನ ಮುಂದೆ ಕೆಂಪು ಗೆರೆಗಳು ಬೆಳೆದವು. ಅದರ ಜೊತೆಗೆ ಇನ್ನೊಂದು ದೂರು. ಹಿಂದಿನ ಬಾಗಿಲಿನ ಚಿಲಕಕ್ಕೆ ಸುತ್ತಿದ ಬಟ್ಟೆಯನ್ನು ಅವಳು ಬಿಚ್ಚಿ ಎಸೆಯುತ್ತಾಳೆ. 'ಸಾಮಾನು ಕೆಡಿಸುತ್ತಾಳೆ' ಎಂದು ಬರೆದರು. ಪ್ರತಿ ಸಲ ಬೈಯುತ್ತ ಮತ್ತೆ ಸುತ್ತುತ್ತಿದ್ದವಳು ನಾನು. ಒಂದು ದಿನ ರಟ್ಟೆ ಹಿಡಿದು ಅಲುಗಾಡಿಸಿದ್ದೂ ಉಂಟು.

ಜನವರಿಯ ಒಂದು ಬೆಳಿಗ್ಗೆ ಮೇಡಂ ಮೀಟಿಂಗಿಗೆ ಹೋಗಿದ್ದರು, ಗಂಟೆಯ ಆಟ ನಾನೇ ನಡೆಸಬೇಕಾಗಿತ್ತು. ಮಕ್ಕಳು ಕೂತರು. ಶ್ರಾವಣಿ ಎದ್ದು ಹೋಗಿ ಚಿಲಕದ ಬಟ್ಟೆ ಬಿಚ್ಚಿದಳು. ನನಗೆ ಬೈಯುವ ಶಕ್ತಿ ಇರಲಿಲ್ಲ, ಜ್ವರ ಬಂದ ಹಾಗಿತ್ತು. ಹಾಳಾಗಿ ಹೋಗಲಿ ಎಂದು ಗಂಟೆ ಬಾರಿಸಿದೆ. ಅವಳು ವಾಪಸ್ಸು ಬಂದು ಕೂತಳು, ಚಿಲಕದ ಕಡೆ ಒಮ್ಮೆ ನೋಡಿದಳು. ಆಮೇಲೆ ಒಂದು ಕಣ್ಣು ಮುಚ್ಚಿದಳು.

ಅಷ್ಟೇ. ಒಂದೇ ಕಣ್ಣು. ನನ್ನ ಕೈಯಲ್ಲಿದ್ದ ಗಂಟೆ ಇನ್ನೂ ನಾದ ಬಿಡುತ್ತಿತ್ತು, ನನಗೆ ಎಲ್ಲ ಒಟ್ಟಿಗೇ ತಿಳಿದುಹೋಯಿತು. ಬಟ್ಟೆ ಇಲ್ಲದ ಚಿಲಕ ಸದ್ದು ಮಾಡುತ್ತದೆ. ಸದ್ದು ಮಾಡಿದರೆ ಯಾರೋ ಹೋಗುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ಗೊತ್ತಾಗುವ ಹಾಗಿದ್ದರೆ ಒಂದು ಕಣ್ಣನ್ನಾದರೂ ಮುಚ್ಚಬಹುದು. ಏಳು ತಿಂಗಳಿನಿಂದ ಆ ಮಗು ಕಾವಲು ಕೂತಿತ್ತು, ನಾವು ಅದಕ್ಕೆ ಗಮನವಿಲ್ಲ ಎಂದು ಬರೆಯುತ್ತಿದ್ದೆವು. ಅವತ್ತು ಬಚ್ಚಲಿಗೆ ಹೋಗಿ ಅತ್ತೆ. ನನ್ನ ಬಾಯಲ್ಲಿ ಯಾರೂ ಕುಂದಾ ಇಡಲಿಲ್ಲ.

ಹೇಳಿದೆ ಮೇಡಂಗೆ. ತಡ ಮಾಡಿ ಹೇಳಿದೆ, ಮಾರ್ಚಿನಲ್ಲಿ. ಧೈರ್ಯ ಬರಲು ಅಷ್ಟು ದಿನ ಬೇಕಾಯಿತು. ಅವರು ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಮುಂದಿನ ತರಗತಿಗೆ ಯಾರು ಹೋಗಬಾರದು ಎಂಬ ಯಾದಿ ತಯಾರಾಗಿ ಮೇಜಿನ ಮೇಲಿತ್ತು. ಅದರಲ್ಲಿ ಒಂದೇ ಹೆಸರು. ರಿಯಾಯಿತಿಯ ಜಾಗ ಅದೇ ತರಗತಿಯಲ್ಲಿ ಉಳಿದವರಿಗೆ ಮುಂದಿನ ವರ್ಷ ಸಿಗುವುದಿಲ್ಲ, ಅಂದರೆ ಮಗು ಹೊರಗೆ.

"ಮೇಡಂ, ಆ ಕೂಸಿಗೆ ಲಕ್ಷ್ಯ ಇಲ್ಲ ಅನ್ನೂದು ಸುಳ್ಳ್ರಿ" ಎಂದೆ. "ಆಕಿ ಗಂಟಿ ಕೇಳೂದಿಲ್ಲ, ಚಿಲಕಾ ಕೇಳಾಕತ್ತಾಳ್ರಿ."

"ಅಂದ್ರ?"

ಎಲ್ಲವನ್ನೂ ವಿವರಿಸಿದೆ. ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸುತ್ತ ಕೇಳಿಸಿಕೊಂಡರು.

"ಎಲ್ಲಾ ಹುಡುಗರಿಗೂ ಹಂಗ ಮಾಡೀವಿ. ಅವ್ರು ಮುಚ್ಚತಾರಲ್ಲ?"

"ಅವ್ರು ಮರತಾರ್ರಿ, ಈಕಿ ಮರತಿಲ್ಲ. ಹಂಗಾರ ಲಕ್ಷ್ಯ ಯಾರದು ಚೊಲೋ ಐತ್ರಿ?"

ಅವರ ದನಿ ಸಣ್ಣದಾಯಿತು. ನಾನು ಬಗ್ಗಿದೆ. "ಚಿಲಕಕ್ಕ ಬಟ್ಟಿ ಸುತ್ತಿದವ್ರು ಯಾರ್ರಿ? ಬಾಗಲಾ ತಗದವ್ರು ಯಾರು?"

ಎರಡೂ ನಾನೇ. ಅವರ ಮೇಲಿನ ನನ್ನ ದ್ವೇಷದಲ್ಲಿ ಅರ್ಧ ಪಾಲು ಆ ಪ್ರಶ್ನೆಗೆ ಸೇರಿದ್ದು. ಆದರೆ ಸೋತು ಹೊರಡುವಾಗ ಬಾಗಿಲಲ್ಲಿ ನನಗೆ ಅವರದೇ ಒಂದು ಮಾತು ನೆನಪಾಯಿತು. ಪ್ರತಿ ಪಾಲಕರ ಸಭೆಯಲ್ಲೂ ಅವರು ತಮ್ಮ ತಂದೆಯ ಕತೆ ಹೇಳುತ್ತಿದ್ದರು. ಬೆಳಗಿನ ಪೂಜೆಗೆ ಕೂತರೆ ಮನೆಗೆ ಬೆಂಕಿ ಬಿದ್ದರೂ ಗೊತ್ತಾಗುತ್ತಿರಲಿಲ್ಲವಂತೆ, ಅಂಥ ಏಕಾಗ್ರತೆಯಂತೆ, ಅದನ್ನೇ ಈಗ ಮೈಂಡ್‌ಫುಲ್‌ನೆಸ್ ಅನ್ನುತ್ತಾರಂತೆ. ನಮ್ಮ ಅಜ್ಜನೂ ಇಷ್ಟಲಿಂಗ ಪೂಜೆ ಮಾಡುತ್ತಿದ್ದವನೇ. ಆ ಪೂಜೆ ಹೇಗೆ ಎಂದು ನನಗೆ ಗೊತ್ತು.

"ನಿಮ್ಮ ಅಪ್ಪಾರು ಅಂಗೈಯಾಗ ಲಿಂಗಾ ಇಟಗೊಂಡು ಕುಂತಾಗ ಕಣ್ಣ ಮುಚ್ಚತಿದ್ರೇನ್ರಿ, ಮೇಡಂ?"

ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಆ ಪೂಜೆಯಲ್ಲಿ ಕಣ್ಣು ಮುಚ್ಚುವುದಿಲ್ಲ. ರೆಪ್ಪೆ ಬಡಿಯದೆ ನೋಡುತ್ತಾರೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವರ ಬಾಯಲ್ಲಿ ಲವಂಗ ನಿಂತಿತು.

"ಅದು ಬ್ಯಾರೆ" ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ಆತು. ಬೀಳ್ಕೊಡುಗಿ ದಿನಾ ಕಡೀ ಸಲ ಗಂಟಿ ಹೊಡೀತೀನಿ. ಆವತ್ತ ಆಕಿ ಕಣ್ಣ ಮುಚ್ಚಿದ್ಲಂದ್ರ, ನನ್ನ ಕೈಲೇನ ಆ ಹೆಸರು ಕಾಟ್ ಹೊಡೀತೀನಿ. ಸಾಕಿಲ್ಲೋ?"

ಸಾಕಿತ್ತು. ನಮಗೆ ಒಂದು ವಾರ ಇತ್ತು. ಹಸಿರು ಬಟ್ಟೆಯನ್ನು ಬಿಚ್ಚಿ ಒಲೆಗೆ ಹಾಕಿದೆ. ರೇಖಾಳಿಗೆ ಎಲ್ಲ ಹೇಳಿದೆ. ನಾನೇ ನಿನ್ನನ್ನು ಹೊರಗೆ ದಬ್ಬಿದವಳು ಎಂದೂ ಹೇಳಿದೆ. ಅವಳು ನನ್ನ ಮುಖವನ್ನು ನೋಡಿ, "ನಾನೂ ಹೋದೆನಲ್ರಿ, ಟೀಚರ್. ಒಂದ ಸಲಾನೂ ಹೊಳ್ಳಿ ನೋಡಲಿಲ್ಲ" ಎಂದಳು. ಅಂಗಡಿಗೆ ತಡವಾಗಿ ಬರುವುದಾಗಿ ಹೇಳಿ ದಿನಾ ಅರ್ಧ ಗಂಟೆ ಮಗುವಿನ ಹಿಂದೆ ಕೂತಳು. ಗಂಟೆ ಬಾರಿಸುವುದು, ಚಿಲಕವನ್ನು ಒಮ್ಮೆ ಬಡಿದು ತೋರಿಸುವುದು, ಆಯಿ ಇಲ್ಲೇ ಇದ್ದಾಳೆ ಎಂದು ಮುಟ್ಟಿ ನೋಡಲು ಬಿಡುವುದು. ಹೋಗುವ ಹೊತ್ತಾದಾಗ ರೇಖಾ ಎದುರಿಗೇ "ಹೋಗಿ ಬರ್ತೇನೆ" ಎಂದು ಮರಾಠಿಯಲ್ಲಿ ಹೇಳಿ, ಚಿಲಕ ಸದ್ದು ಮಾಡಿ ಹೋಗುವಳು. ಮೊದಲ ದಿನ ಶ್ರಾವಣಿ ಅತ್ತಳು. ಜೂನ್‌ನಲ್ಲಿ ಅಳಬೇಕಾಗಿದ್ದನ್ನೆಲ್ಲ ಅತ್ತಳು, ಮೇಡಂ ಕೋಣೆಯವರೆಗೆ ಕೇಳಿಸಿತು. ಶುಕ್ರವಾರ ಎರಡೂ ಕಣ್ಣು ಮುಚ್ಚಿದಳು.

ಶನಿವಾರ ಬೀಳ್ಕೊಡುಗೆ. ಹಾಲ್ ತುಂಬಿತ್ತು. ಹಳೆಯ ವಿದ್ಯಾರ್ಥಿಗಳು, ಪಾಲಕರು, ಆಡಳಿತ ಮಂಡಳಿಯವರು. ಮೇಡಂಗೆ ಶಾಲು ಹೊದಿಸಿ ಉಡಿ ತುಂಬಿದರು. ಅವರನ್ನು ಹೊಗಳಿದವರೆಲ್ಲ ಒಂದೇ ಮಾತು ಹೇಳಿದರು: ಈ ಶಾಲೆಯಲ್ಲಿ ಮಕ್ಕಳು ಅಳುವುದಿಲ್ಲ. ನಾನು ಮೂರನೇ ಸಾಲಿನಲ್ಲಿ ಶ್ರಾವಣಿಯ ಪಕ್ಕದಲ್ಲಿ, ರೇಖಾ ಅವಳ ಬೆನ್ನ ಹಿಂದೆ. ಕೊನೆಗೆ ಮೇಡಂ ಎದ್ದರು. ಭಾಷಣ ಮಾಡುವುದಿಲ್ಲ ಎಂದರು. "ಇಷ್ಟು ವರ್ಷ ನಿಮ್ಮ ಮಕ್ಕಳು ಕೇಳಿದ ಗಂಟಿ ಇವತ್ತ ನೀವೂ ಕೇಳ್ರಿ. ಎಲ್ಲಾರೂ ಕಣ್ಣ ಮುಚ್ಚರಿ. ಸದ್ದು ಪೂರ್ತಿ ನಿಂತ ಮ್ಯಾಲ ತಗೀರಿ."

ನನಗೆ ಬೇಕಾಗಿದ್ದದ್ದು ಒಂದೇ. ಅವರು ಮೂರನೇ ಸಾಲಿನ ಕಡೆ ನೋಡಬೇಕು. ಗಂಟೆ ಬಾರಿಸಿದರು. ಶ್ರಾವಣಿ ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು. ಕಣ್ಣು ಮುಚ್ಚಿದಳು, ಎರಡೂ, ರೆಪ್ಪೆ ನಡುಗುವಷ್ಟು ಗಟ್ಟಿಯಾಗಿ. ನನಗೆ ಎಷ್ಟು ಸಂತೋಷವಾಯಿತೆಂದರೆ, ನೋಡುತ್ತ ಕೂರಬೇಕಾದವಳು ನಾನೂ ಕಣ್ಣು ಮುಚ್ಚಿಬಿಟ್ಟೆ.

ಕಣ್ಣು ತೆರೆದಾಗ ವೇದಿಕೆಯ ಮೇಲೆ ಕುರ್ಚಿ ಖಾಲಿ. ಗಂಟೆ ಮೇಜಿನ ಮೇಲಿತ್ತು. ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಯಾರಿಗೂ ಅಳುವ ಅವಕಾಶ ಕೊಡದೆ, ಗಂಟೆಯ ಸದ್ದು ಇರುವಾಗಲೇ ಎದ್ದು ಹೋಗಿದ್ದರು. ಎಂಥಾ ಹೋಗುವಿಕೆ ಎಂದು ಹಾಲ್‌ಗೆ ಹಾಲೇ ಚಪ್ಪಾಳೆ ತಟ್ಟಿತು, ಹಲವರು ಕಣ್ಣೊರೆಸಿಕೊಂಡರು. ಈಗಲೂ ಊರಿನಲ್ಲಿ ಆ ಕತೆ ಹೇಳುತ್ತಾರೆ. ಹಿಂದಿನ ರಸ್ತೆಯಲ್ಲಿ ಆಟೋ ಇಂಜಿನ್ ಆರಿಸಿಕೊಂಡು ಕಾಯುತ್ತಿತ್ತು ಎಂದು ನಮ್ಮ ಆಯಾ ನನಗೆ ಆಮೇಲೆ ಹೇಳಿದಳು.

ಶ್ರಾವಣಿ ಮೊದಲು ಹಿಂದೆ ತಿರುಗಿ ಆಯಿಯನ್ನು ಮುಟ್ಟಿದಳು. ಆಯಿ ಇದ್ದಳು. ಆಮೇಲೆ ಕುರ್ಚಿ ನೋಡಿದಳು. ಎದ್ದು, ಜನರ ಕಾಲುಗಳ ನಡುವೆ ನುಸುಳಿಕೊಂಡು ಹಿಂದಿನ ಬಾಗಿಲಿಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಒಂದು ಬಿಳಿಯ ಕರವಸ್ತ್ರ ಇತ್ತು. ಚಿಲಕಕ್ಕೆ ಸುತ್ತಿದ್ದದ್ದು. ನನ್ನ ಮಡಿಲಲ್ಲಿ ಇಟ್ಟಳು. ಅದರಲ್ಲಿ ಲವಂಗದ ವಾಸನೆ.

ಮೇಡಂ ಕೋಣೆಗೆ ಓಡಿದೆ. ಯಾದಿ ಮೇಜಿನ ಮೇಲೆಯೇ ಇತ್ತು, ಸಹಿ ಸಮೇತ. ಹೆಸರಿನ ಮೇಲೆ ಗೆರೆ ಎಳೆದಿರಲಿಲ್ಲ. ಸಂಜೆ ಫೋನ್ ಮಾಡಿದೆ. ಆ ಕಡೆ ಮನೆ ತುಂಬ ಜನರ ಗದ್ದಲ.

"ಶ್ರಾವಣಿ ಕಣ್ಣ ಮುಚ್ಚಿದ್ಲ್ರಿ ಮೇಡಂ. ನೋಡಿದ್ರೇನ್ರಿ?"

"ಯಾರು?" ಎಂದರು. ಆಮೇಲೆ, "ಅಯ್ಯ, ಆ ಖಾನಾಪುರದ ಕೂಸಾ? ಮರತ ಬಿಟ್ನಿ ನೋಡ್ರಿ. ಹೋಗೂ ಗಡಿಬಿಡ್ಯಾಗ ಅತ್ಲಾಗ ಲಕ್ಷ್ಯನ ಇರಲಿಲ್ಲ."

ಹಟಕ್ಕೆ ಮಾಡಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಮರೆತಿದ್ದರು. ಹೊಸ ಮುಖ್ಯಸ್ಥೆಯ ಮುಂದೆ ನಿಂತು ಗೋಗರೆದೆ. ಹಿಂದಿನವರು ಸಹಿ ಮಾಡಿದ್ದನ್ನು ತಾವು ತಿದ್ದಲಾಗದು ಎಂದರು. ಏಪ್ರಿಲ್‌ನಲ್ಲಿ ರೇಖಾ ರವಿವಾರ ಪೇಟೆಯ ಕೆಲಸ ಬಿಟ್ಟಳು.

ಆ ಗಂಟೆ ಈಗಲೂ ನನ್ನ ತರಗತಿಯಲ್ಲಿದೆ. ಚಿಲಕಕ್ಕೆ ಬಟ್ಟೆ ಇಲ್ಲ. ಅವ್ವಂದಿರು ಎದುರಿಗೇ ನಿಂತು ಹೇಳಿ ಹೋಗಬೇಕು, ಚಿಲಕ ಬಡಿದುಕೊಂಡು ಹೋಗಬೇಕು ಎಂಬುದು ನನ್ನ ನಿಯಮ. ಎರಡು ಜೂನ್‌ಗಳಿಂದ ನನ್ನ ತರಗತಿ ರಸ್ತೆಯವರೆಗೆ ಕೇಳಿಸುವಂತೆ ಅಳುತ್ತದೆ. ಮೇಡಂ ಕಾಲದಲ್ಲಿ ಹೀಗಿರಲಿಲ್ಲ ಎಂದು ಪಾಲಕರು ದೂರು ಕೊಡುತ್ತಾರೆ. ಹೀಗಿರಲಿಲ್ಲ, ನಿಜ. ಎರಡು ವಾರ ಅತ್ತ ಮೇಲೆ ಗಂಟೆ ಬಾರಿಸಿದರೆ ಆ ಮಕ್ಕಳು ತಾವಾಗಿ ಕಣ್ಣು ಮುಚ್ಚುತ್ತವೆ. ಮುಚ್ಚದವು ತೆರೆದುಕೊಂಡೇ ಕೇಳುತ್ತವೆ.

ಫೋಟೋದ ಸುದ್ದಿ ಬಂದ ಮರುದಿನ ರವಿವಾರ. ರೈಲು ಹತ್ತಿ ಖಾನಾಪುರಕ್ಕೆ ಹೋದೆ. ಯಾಕೆ ಹೋದೆನೋ, ಮೇಡಂ ಸತ್ತರು ಎಂದು ಹೇಳುವುದಕ್ಕೋ, ಬರೆಯುವ ಮೊದಲು ಆ ಮುಖವನ್ನೊಮ್ಮೆ ನೋಡುವುದಕ್ಕೋ. ರೇಖಾ ಮನೆಯ ಹತ್ತಿರದ ಹೆಂಚಿನ ಕಾರ್ಖಾನೆಗೆ ಹೋಗುತ್ತಿದ್ದಾಳೆ. ಅಂಗೈ ಬಿರಿದಿದ್ದವು. ಸುದ್ದಿ ಹೇಳಿದಾಗ, "ಪಾಪ" ಎಂದಳು. ನನಗೆ ಆ ಮಾತು ಬರಲಿಲ್ಲ. ಚಹಾ ಮಾಡಲು ಒಳಗೆ ಹೋದಳು.

ಶ್ರಾವಣಿಗೆ ಈಗ ಆರು ವರ್ಷ. ಮುಂದಿನ ಹಲ್ಲು ಬಿದ್ದಿವೆ. ಕಟ್ಟೆಯ ಮೇಲೆ ಸ್ಟೀಲ್ ತಟ್ಟೆ, ಚಮಚ ಇಟ್ಟುಕೊಂಡು ಶಾಲೆಯ ಆಟ ಆಡುತ್ತಿದ್ದಳು. ನನ್ನನ್ನು ಎದುರಿಗೆ ಕೂರಿಸಿಕೊಂಡು, "ಟೀಚರ್, ಕಣ್ ಮುಚ್ಚರಿ" ಎಂದಳು.

ಮುಚ್ಚಿದೆ. ತಟ್ಟೆ ಬಾರಿಸಿದಳು. ಒರಟು ಸದ್ದು, ಬೇಗ ಕರಗಿತು. ಆದರೂ ನಾನು ಕಣ್ಣು ತೆರೆಯಲಿಲ್ಲ. ತೆರೆದಾಗ ಎದುರಿಗೆ ಯಾರೂ ಇಲ್ಲದಿದ್ದರೆ ಅದು ನನಗೆ ತಕ್ಕದ್ದೇ ಎಂದು ಗೊತ್ತಿತ್ತು, ಗೊತ್ತಿದ್ದೂ ಹೆದರಿದ್ದೆ. ಎಷ್ಟೋ ಹೊತ್ತಿನ ಮೇಲೆ ತೆರೆದೆ.

ಅವಳು ಅಲ್ಲೇ ಇದ್ದಳು. ಅವಳ ಮೊಣಕಾಲು ನನ್ನ ಮೊಣಕಾಲಿಗೆ ತಾಗಿತ್ತು. ಎರಡೂ ಕಣ್ಣು ಅಗಲ ತೆರೆದು ನನ್ನನ್ನೇ ನೋಡುತ್ತಿದ್ದಳು.

"ನಾ ಎಲ್ಲೀ ಹೋಗಿಲ್ರಿ" ಎಂದಳು.